ಅಕ್ಷರ, ಚಿತ್ರ, ಆಟ: ಒಬ್ಬ ಪುಸ್ತಕ ವಿನ್ಯಾಸಕಾರನ ಅನುಭವ

ನಮ್ಮ ಶಾಲೆಯು ಐವತ್ತು ವರ್ಷಗಳನ್ನು ಪೂರೈಸಿದ ಈ ಸಂತೋಷದ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೊಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಕೇಳಿದಾಗ ನಾನು ಮೊದಲು ಹಿಂಜರಿದೆ. ಈ ಶಾಲೆಯ ಬೆಂಚುಗಳ ಮೇಲೆ ಕುಳಿತು ಹೋದವರಲ್ಲಿ ವೈದ್ಯರಿದ್ದಾರೆ, ಅಧ್ಯಾಪಕರಿದ್ದಾರೆ, ಕಂಬಂ ಕಣಿವೆಯ ದ್ರಾಕ್ಷಿಯನ್ನು ದೂರದ ಮಾರುಕಟ್ಟೆಗಳಿಗೆ ಮುಟ್ಟಿಸಿದ ಕೃಷಿಕರಿದ್ದಾರೆ. ಅವರ ನಡುವೆ ನನ್ನ ವೃತ್ತಿಯನ್ನು ಏನೆಂದು ಹೇಳಿಕೊಳ್ಳಲಿ? ರಜೆಗೆ ಉತ್ತಮಪಾಳಯಂಗೆ ಬಂದಾಗಲೆಲ್ಲ ಬೀದಿಯ ಹಿರಿಯರು, "ನೀನು ಅಲ್ಲಿ ಏನು ಕೆಲಸ ಮಾಡುತ್ತೀಯಪ್ಪಾ?" ಎಂದು ಕೇಳುತ್ತಾರೆ. ಗ್ರಾಫಿಕ್ ಡಿಸೈನರ್ ಎಂದರೆ ಅವರ ಮುಖದಲ್ಲಿ ಮತ್ತೊಂದು ಪ್ರಶ್ನೆ ಮೂಡುತ್ತದೆ. ಪುಸ್ತಕವನ್ನು ಬರೆಯುವವನು ನಾನಲ್ಲ, ಅಚ್ಚು ಹಾಕುವವನೂ ನಾನಲ್ಲ. ಬರೆದದ್ದು ಓದುವವರ ಕಣ್ಣಿಗೆ ಯಾವ ರೂಪದಲ್ಲಿ ಬೀಳಬೇಕೆಂದು ನಿರ್ಧರಿಸುವವನು. ಇಷ್ಟು ಹೇಳಿದ ಮೇಲೆ ಅವರು, "ಅದಕ್ಕೂ ಸಂಬಳ ಕೊಡುತ್ತಾರೆಯೇ?" ಎನ್ನುತ್ತಾರೆ.

ಆ ಪ್ರಶ್ನೆಗೆ ಉತ್ತರವಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ. ಆದರೆ ನನ್ನ ವೃತ್ತಿಯ ಪರಿಚಯವಷ್ಟೇ ಇದರ ಉದ್ದೇಶವಲ್ಲ. ನಮ್ಮ ಕಣಿವೆಯ ಒಕ್ಕಲಿಗರ, ಅನುಪ್ಪರ ಮತ್ತು ಇತರ ಕನ್ನಡ ಮನೆಗಳಲ್ಲಿ ಮಾತು ಇನ್ನೂ ಕನ್ನಡವಾಗಿಯೇ ಉಳಿದಿದೆ. ಅಕ್ಷರ ಮಾತ್ರ ಎಷ್ಟೋ ತಲೆಮಾರುಗಳ ಹಿಂದೆಯೇ ಕೈಬಿಟ್ಟು ಹೋಗಿದೆ. ಹೋದ ಅಕ್ಷರ ಮನೆಯೊಳಕ್ಕೆ ಮರಳಿ ಬರುವ ದಾರಿ ಯಾವುದು? ಪಠ್ಯಪುಸ್ತಕದ ದಾರಿ ಒಂದು. ಚಿತ್ರದ ದಾರಿ, ಆಟದ ದಾರಿ ಎಂಬ ಇನ್ನೆರಡನ್ನು ನನ್ನ ವೃತ್ತಿ ನನಗೆ ತೋರಿಸಿಕೊಟ್ಟಿತು. ಅವುಗಳ ವಿಷಯವನ್ನು ಓದುಗರ ಮುಂದೆ ಇಡುವುದು ನನ್ನ ಆಸೆ.

ಬಂಡೆಯ ಮೇಲಿನ ಪುಟ

ನಾನು ಕಂಡ ಮೊದಲ ಪುಟ ಕಾಗದದ್ದಲ್ಲ, ಕಲ್ಲಿನದು. ಉತ್ತಮಪಾಳಯಂನ ಜೈನ ಬಂಡೆಯನ್ನು ನಮ್ಮವರೆಲ್ಲ ನೋಡಿರುತ್ತಾರೆ. ಅದರ ಮೇಲೆ ಸಾಲಾಗಿ ಕಡೆದಿರುವ ತೀರ್ಥಂಕರರ ಮೂರ್ತಿಗಳೂ ಅವುಗಳ ಬಳಿಯಲ್ಲಿ 9–10ನೆಯ ಶತಮಾನಗಳ ಬರೆಹಗಳೂ ಇವೆ. ಬಾಲ್ಯದಲ್ಲಿ ನಾವು ಅಲ್ಲಿಗೆ ಹೋಗುತ್ತಿದ್ದುದು ಆಟಕ್ಕೆ. ಮೂರ್ತಿಗಳು ಯಾರವೆಂದು ಯಾರಾದರೂ ಹೇಳುತ್ತಿದ್ದರು. ಬರೆಹ ಏನೆಂದು ಹೇಳುವವರು ಯಾರೂ ಇರಲಿಲ್ಲ. ತಮಿಳು ಬಲ್ಲವರಿಗೂ ಅದು ತಿಳಿಯದು, ಕನ್ನಡ ಬಲ್ಲವರಿಗೂ ತಿಳಿಯದು. ಅದು ವಟ್ಟೆಳುತ್ತು ಎಂಬ ದುಂಡು ಲಿಪಿಯೆಂಬುದನ್ನು ನಾನು ಅರಿತದ್ದು ಬಹಳ ವರ್ಷಗಳ ಅನಂತರ.

ವಟ್ಟೆಳುತ್ತು ಒಂದು ಕಾಲಕ್ಕೆ ಪಾಂಡ್ಯನಾಡಿನಲ್ಲಿಯೂ ಕೇರಳದಲ್ಲಿಯೂ ಬಳಕೆಯಲ್ಲಿದ್ದ ಲಿಪಿ. ಚೋಳರ ಆಳ್ವಿಕೆ ಪಾಂಡ್ಯನಾಡಿಗೆ ಹರಡಿದ ಮೇಲೆ ಇಂದಿನ ತಮಿಳು ಲಿಪಿಯ ಪೂರ್ವರೂಪ ಅದರ ಸ್ಥಾನಕ್ಕೆ ಬಂದಿತು. ಗಮನಿಸಬೇಕಾದ ವಿಷಯವೊಂದಿದೆ: ಭಾಷೆ ಅಳಿಯಲಿಲ್ಲ. ಆ ಬರೆಹಗಳ ತಮಿಳು ಇಂದು ಕೋಟ್ಯಂತರ ಜನರ ನಾಲಿಗೆಯಲ್ಲಿ ಬೆಳೆದು ನಿಂತಿದೆ. ಅಳಿದದ್ದು ಕಣ್ಣಿನ ಅಭ್ಯಾಸ. ಅಭ್ಯಾಸ ತಪ್ಪಿದ ಮೇಲೆ ಕಲ್ಲು ಅಲ್ಲಿಯೇ ಇದ್ದರೂ, ಅಕ್ಷರ ಮಾಸದೆ ಉಳಿದಿದ್ದರೂ, ಊರಿನ ಪಾಲಿಗೆ ಅದು ಮೂಕವಾಯಿತು.

ಇದನ್ನು ನೆನೆದಾಗಲೆಲ್ಲ ನನಗೆ ನಮ್ಮ ಮನೆ ನೆನಪಾಗುತ್ತದೆ. ನಮ್ಮ ಅವ್ವನ ಬಾಯಲ್ಲಿ ಕನ್ನಡ ಗಾದೆಗಳಿದ್ದವು, ಸೋಬಾನೆ ಪದಗಳಿದ್ದವು. ಆದರೆ ಅವಳ ಮುಂದೆ ಒಂದು ಕನ್ನಡ ಪುಸ್ತಕವನ್ನಿಟ್ಟರೆ ಅದು ಅವಳಿಗೆ ಆ ಬಂಡೆಯ ಬರೆಹದಂತೆಯೇ. ಬಂಡೆಯಲ್ಲಿ ಲಿಪಿ ಉಳಿದು ಓದುವವರು ಹೋದರು. ನಮ್ಮಲ್ಲಿ ಮಾತು ಉಳಿದು ಲಿಪಿ ಹೋಯಿತು. ಈ ಶಾಲೆಯನ್ನು ಕಟ್ಟಿದ ಹಿರಿಯರಿಗೆ ಈ ವ್ಯಥೆ ಅರ್ಥವಾಗಿತ್ತೆಂದೇ ನಾನು ತಿಳಿದಿದ್ದೇನೆ.

ಎರಡು ಪತ್ರಿಕೆ, ಒಂದೇ ಚಿತ್ರ

ಶಾಲೆಯಲ್ಲಿ ಕನ್ನಡ ವರ್ಣಮಾಲೆಯನ್ನು ಮೇಷ್ಟ್ರು ತಿದ್ದಿಸಿದರು. ಆದರೆ ಅಕ್ಷರಗಳ ಜೊತೆ ನನಗೆ ಸಲುಗೆ ಬೆಳೆದದ್ದು 'ಚಂದಮಾಮ'ದಿಂದ. ಮದರಾಸಿನಲ್ಲಿ ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು 1947ರಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ಈ ಮಕ್ಕಳ ಮಾಸಪತ್ರಿಕೆ ಬಹುಬೇಗ ಕನ್ನಡಕ್ಕೂ ಬಂದಿತು. ತಮಿಳಿನಲ್ಲಿ ಅದರ ಹೆಸರು 'ಅಂಬುಲಿಮಾಮಾ'. ಪತ್ರಿಕೆ ಈಗ ನಿಂತುಹೋಗಿದೆಯಾದರೂ ನನ್ನ ವಯಸ್ಸಿನವರಿಗೆ ಅದರ ಬಣ್ಣದ ಪುಟಗಳು ಮರೆಯುವಂಥವಲ್ಲ.

ಪಕ್ಕದ ಮನೆಗೆ ಅಂಬುಲಿಮಾಮಾ ಬರುತ್ತಿತ್ತು. ನಮ್ಮ ಮೇಷ್ಟ್ರು ಕನ್ನಡ ಚಂದಮಾಮವನ್ನು ತರಿಸುತ್ತಿದ್ದರು. ಒಂದು ದಿನ ಎರಡನ್ನೂ ಅಕ್ಕಪಕ್ಕದಲ್ಲಿ ತೆರೆದು ನೋಡಿದೆ. ಚಿತ್ರ ಒಂದೇ, ಕಥೆ ಒಂದೇ. ಅಕ್ಷರ ಮಾತ್ರ ಬೇರೆ! ಹೆಗಲ ಮೇಲೆ ಶವವನ್ನು ಹೊತ್ತು, ಕತ್ತಿ ಹಿಡಿದು ನಡೆಯುವ ವಿಕ್ರಮನ ಆ ಪ್ರಸಿದ್ಧ ಚಿತ್ರ ಎರಡರಲ್ಲಿಯೂ ಇತ್ತು. ಅದನ್ನು ಬರೆದವರು ಶಂಕರ್ ಎಂದು ಹೆಸರಾದ ಕೆ. ಸಿ. ಶಿವಶಂಕರನ್, 2020ರಲ್ಲಿ ತೀರಿಕೊಂಡರು. ಬೀದಿಯ ಅಂಗಡಿ ಫಲಕಗಳಿಂದ ನನಗೆ ತಮಿಳು ಓದು ಚೆನ್ನಾಗಿ ರೂಢಿಯಾಗಿತ್ತು. ತಮಿಳಿನ ಸಾಲಿನಲ್ಲಿ ಒಂದು ಹೆಸರನ್ನು ಹುಡುಕುವುದು, ಕನ್ನಡದ ಪುಟದಲ್ಲಿ ಅದರ ಜೋಡಿಯನ್ನು ಪತ್ತೆಮಾಡುವುದು ಒಂದು ಆಟವಾಯಿತು. ತಮಿಳಿನ ಒಂದೇ ಕಕಾರದ ಜಾಗದಲ್ಲಿ ಕನ್ನಡದಲ್ಲಿ ಕ, ಖ, ಗ, ಘ ಎಂಬ ನಾಲ್ಕು ಬೇರೆ ಬೇರೆ ಅಕ್ಷರಗಳು ನಿಲ್ಲಬಹುದೆಂಬುದನ್ನು ವ್ಯಾಕರಣ ಹೇಳಿಕೊಡುವ ಮೊದಲೇ ಆ ಆಟ ಹೇಳಿಕೊಟ್ಟಿತು.

ಒಂದು ಪುಟದಲ್ಲಿ ಚಿತ್ರಕ್ಕೊಂದು ಜಾಗ, ಅಕ್ಷರಕ್ಕೊಂದು ಜಾಗ. ಭಾಷೆ ಬದಲಾದಾಗ ಅಕ್ಷರದ ಜಾಗ ಮಾತ್ರ ತುಂಬಿಕೊಳ್ಳುತ್ತದೆ. ಇಷ್ಟು ಸರಳವಾದ ಏರ್ಪಾಡಿನಿಂದ ಒಂದೇ ಪತ್ರಿಕೆ ಹಲವು ಭಾಷೆಗಳ ಮನೆಗಳನ್ನು ಹೊಕ್ಕಿತು. ಈ ಏರ್ಪಾಡಿನ ಹೆಸರೇ ವಿನ್ಯಾಸ. ಆ ಪತ್ರಿಕೆಗೆ ಮಹಾಭಾರತದ ಮುಖಪುಟಗಳನ್ನು ಬರೆದವರಲ್ಲಿ ಕನ್ನಡಿಗರಾದ ಎಂ. ಟಿ. ವಿ. ಆಚಾರ್ಯರೂ ಒಬ್ಬರು. ಮುಂದೆ ಅವರು ಬೆಂಗಳೂರಿನಲ್ಲಿ ನೆಲೆಸಿ, ಅಂಚೆಯ ಮೂಲಕ ನಾಡಿನ ಮೂಲೆಮೂಲೆಯವರಿಗೆ ಚಿತ್ರಕಲೆಯನ್ನು ಕಲಿಸಿದರು. ಚಿತ್ರ ಬರೆಯುವುದೂ ಒಂದು ಜೀವನೋಪಾಯವಾಗಬಹುದೆಂಬ ಧೈರ್ಯ ನನಗೆ ಬಂದದ್ದು ಇಂಥವರ ವಿಷಯವನ್ನು ಕೇಳಿ.

ಕತ್ತರಿಸಿಹೋದ ಒತ್ತಕ್ಷರ

ಶಾಲೆ ಮುಗಿದ ಮೇಲೆ ಕೆಲಸ ಕಲಿಯಲೆಂದು ಶಿವಕಾಶಿಗೆ ಹೋದೆ. ಅಲ್ಲಿ 1920ರ ದಶಕದಲ್ಲಿ ಬೇರೂರಿದ ಬೆಂಕಿಕಡ್ಡಿ ಉದ್ಯಮಕ್ಕೆ ಪೆಟ್ಟಿಗೆಯ ಚೀಟಿಗಳು ಬೇಕಾದವು; ಚೀಟಿಗಳಿಗಾಗಿ ಅಚ್ಚುಕೂಟಗಳು ಬೆಳೆದವು; ಆಮೇಲೆ ಪಟಾಕಿಯ ಹೊದಿಕೆಗಳು, ಕ್ಯಾಲೆಂಡರುಗಳು. ದೇಶದ ನಾನಾ ಭಾಷೆಗಳ ಕ್ಯಾಲೆಂಡರುಗಳು ಅಲ್ಲಿ ಅಚ್ಚಾಗುತ್ತವೆ. ನಾನು ಸೇರಿದ ಅಚ್ಚುಕೂಟದಲ್ಲಿ ಕನ್ನಡ ಓದಬಲ್ಲವನು ನಾನೊಬ್ಬನೇ. ಆದಕಾರಣ ಕನ್ನಡದ ಕೆಲಸಗಳೆಲ್ಲ ನನ್ನ ಮೇಜಿಗೆ ಬಂದವು.

ಆಗಿನ್ನೂ ಗಣಕಯಂತ್ರ ಬಂದಿರಲಿಲ್ಲ. ಜೋಡಿಸಿದ ಅಕ್ಷರಗಳ ಪ್ರತಿಯನ್ನು ಬ್ರೋಮೈಡ್ ಕಾಗದದ ಮೇಲೆ ತೆಗೆದು, ಸಾಲುಸಾಲಾಗಿ ಬ್ಲೇಡಿನಿಂದ ಕತ್ತರಿಸಿ, ರಟ್ಟಿನ ಮೇಲೆ ಗೋಂದಿನಿಂದ ಅಂಟಿಸುವುದು ನಮ್ಮ ಕೆಲಸ. ಕೈ ಪಳಗಿದ್ದು ತಮಿಳು ಸಾಲುಗಳ ಮೇಲೆ. ತಮಿಳಿನಲ್ಲಿ ಎರಡು ವ್ಯಂಜನಗಳು ಕೂಡಿದರೆ ಮೊದಲನೆಯದರ ತಲೆಯ ಮೇಲೊಂದು ಚುಕ್ಕಿ ಬರುತ್ತದೆ. ಎರಡೂ ಪಕ್ಕಪಕ್ಕದಲ್ಲಿಯೇ ಇರುತ್ತವೆ. ಕನ್ನಡದಲ್ಲಿ ಎರಡನೆಯದು ಕೆಳಕ್ಕಿಳಿದು ಒತ್ತಾಗುತ್ತದೆ. ಅವಸರದ ಒಂದು ರಾತ್ರಿ, ಕರ್ನಾಟಕದ ಒಂದು ಕಿರಾಣಿ ಅಂಗಡಿಯ ಕ್ಯಾಲೆಂಡರಿನ ಸಾಲನ್ನು ತಮಿಳಿನ ಅಳತೆಯಲ್ಲಿಯೇ ಕತ್ತರಿಸಿಬಿಟ್ಟೆ. ಬ್ಲೇಡಿನ ಕೆಳಗೆ ಸಿಕ್ಕ ಒತ್ತಕ್ಷರಗಳು ಕಸದ ಬುಟ್ಟಿಗೆ ಹೋದವು. ಬೆಳಗಿನ ಹೊತ್ತಿಗೆ ಎರಡು ಸಾವಿರ ಹಾಳೆಗಳ ಮೇಲೆ 'ಅಕ್ಕಿ, ಬೆಲ್ಲ, ಎಣ್ಣೆ' ಎಂಬುದು 'ಅಕಿ, ಬೆಲ, ಎಣೆ' ಎಂದು ಅಚ್ಚಾಗಿತ್ತು.

ತಪ್ಪನ್ನು ಕಂಡುಹಿಡಿದವನೂ ನಾನೇ. ಯಾಕೆಂದರೆ ಅಲ್ಲಿ ಬೇರೆ ಯಾರಿಗೂ ಅದು ತಿಳಿಯುವಂತಿರಲಿಲ್ಲ. ಸುಮ್ಮನಿದ್ದಿದ್ದರೆ ಹಾಳೆಗಳು ಕಟ್ಟಿಹೋಗುತ್ತಿದ್ದವು. ಅರ್ಧ ಗಂಟೆ ಯಂತ್ರದ ಪಕ್ಕದಲ್ಲಿ ನಿಂತು ಯೋಚಿಸಿದೆ. ಕೊನೆಗೆ ಯಜಮಾನರ ಬಳಿ ಹೋಗಿ ಹೇಳಿದೆ. ಹಾಳೆಗಳು ರದ್ದಿಗೆ ಹೋದವು, ನನ್ನ ಎರಡು ತಿಂಗಳ ಸಂಬಳವೂ ಅದರೊಡನೆ ಹೋಯಿತು. ಒಂದು ಲಿಪಿಯ ಹದ್ದುಬಸ್ತನ್ನು ಮತ್ತೊಂದು ಲಿಪಿಯ ಅಳತೆಗೋಲಿನಿಂದ ಅಳೆಯಬಾರದೆಂಬ ಪಾಠವನ್ನು ಹಾಗೆ ಹಣ ಕೊಟ್ಟು ಕಲಿತೆ.

ಕನ್ನಡದ ಸಾಲನ್ನು ಮೂರು ಅಂತಸ್ತಿನ ಮನೆಯೆಂದು ಭಾವಿಸಬಹುದು. ನಡುವೆ ಅಕ್ಷರದ ಒಡಲು; ಮೇಲೆ ತಲೆಕಟ್ಟು, ಗುಡಿಸು; ಕೆಳಗೆ ಒತ್ತು. 'ಸ್ತ್ರೀ' ಎಂಬ ಒಂದೇ ಅಕ್ಷರದಲ್ಲಿ ಮೂರು ವ್ಯಂಜನಗಳೂ ಒಂದು ದೀರ್ಘ ಸ್ವರವೂ ಸೇರಿವೆ. ಇವೆಲ್ಲ ಉಸಿರಾಡುವಂತೆ ಎರಡು ಸಾಲುಗಳ ನಡುವೆ ಜಾಗ ಬಿಡಬೇಕು. ಕಾಗದವನ್ನು ಉಳಿಸಲೆಂದು ಸಾಲುಗಳನ್ನು ಒತ್ತಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗುಲಿ, ಓದುವವನ ಕಣ್ಣು ಮುಗ್ಗರಿಸುತ್ತದೆ. ಕನ್ನಡವನ್ನು ಹೊಸದಾಗಿ ಓದಲು ಕಲಿಯುವವರು ಪುಸ್ತಕವನ್ನು ಕೈಬಿಡುವುದಕ್ಕೆ ಎಷ್ಟೋ ಬಾರಿ ಭಾಷೆಯ ಕಷ್ಟ ಕಾರಣವಲ್ಲ, ಸಾಲಿನ ಇಕ್ಕಟ್ಟೇ ಕಾರಣ.

ಪುಸ್ತಕವೆಂಬ ವಸ್ತು

ಶಿವಕಾಶಿಯಿಂದ ಮದರಾಸಿಗೆ, ಅಲ್ಲಿಂದ ಬೆಂಗಳೂರಿಗೆ ಹೋದ ಮೇಲೆ ಪುಸ್ತಕಗಳ ವಿನ್ಯಾಸವೇ ನನ್ನ ಮುಖ್ಯ ವೃತ್ತಿಯಾಯಿತು. ಮುಖಪುಟಕ್ಕೆ ಒಂದು ಚಿತ್ರ ಬರೆದುಕೊಟ್ಟರೆ ಕೆಲಸ ಮುಗಿಯಿತೆಂದು ಹೊರಗಿನವರು ಭಾವಿಸುತ್ತಾರೆ. ಪುಸ್ತಕ ಕೈಯಲ್ಲಿ ಹಿಡಿಯುವ ವಸ್ತು. ಅಜ್ಜಿಯರು ಓದುವ ಪುರಾಣಕ್ಕೆ ದೊಡ್ಡ ಅಕ್ಷರ ಬೇಕು. ಬಸ್ಸಿನಲ್ಲಿ ಓದುವ ಕಾದಂಬರಿ ಒಂದೇ ಕೈಯಲ್ಲಿ ಹಿಡಿಸಬೇಕು. ಕಾಗದಕ್ಕೆ ನಾರಿನ ದಿಕ್ಕೊಂದು ಇರುತ್ತದೆ. ಆ ನಾರು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿದ್ದರೆ ಪುಟ ಮೆತ್ತಗೆ ತೆರೆದುಕೊಳ್ಳುತ್ತದೆ. ಅಡ್ಡವಾಗಿದ್ದರೆ ಪುಸ್ತಕ ಬಿಗಿದುಕೊಂಡು ತಾನೇ ಮುಚ್ಚಿಕೊಳ್ಳುತ್ತದೆ. ಒಳಬದಿಯ ಅಂಚನ್ನು ಕಿರಿದು ಮಾಡಿದರೆ ಸಾಲಿನ ಕೊನೆಯ ಪದಗಳು ಹೊಲಿಗೆಯೊಳಗೆ ಮರೆಯಾಗುತ್ತವೆ. ಇವೆಲ್ಲ ಸರಿಯಿದ್ದಾಗ ಯಾರೂ ಗಮನಿಸುವುದಿಲ್ಲ. ಅದೇ ಈ ವೃತ್ತಿಯ ಸಾರ್ಥಕತೆ.

ಕನ್ನಡ ಅಕ್ಷರ ಅಚ್ಚಿಗೆ ಬಂದ ಕಥೆಯನ್ನು ಓದತೊಡಗಿದಾಗ ನನಗೆ ನಮ್ಮೂರಿನ ಬಂಡೆ ಮತ್ತೆ ನೆನಪಾಯಿತು. ಕನ್ನಡದ ಮೊದಲ ಪತ್ರಿಕೆಯೆನಿಸಿದ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರತಂದದ್ದು ಕಲ್ಲಚ್ಚಿನಲ್ಲಿ. ಕೈಬರೆಹವನ್ನು ನುಣುಪಾದ ಕಲ್ಲಿನ ಮೇಲೆ ಮೂಡಿಸಿ, ಅದಕ್ಕೆ ಮಸಿ ಹಚ್ಚಿ, ಕಾಗದವನ್ನು ಒತ್ತುವ ವಿಧಾನವದು. ಸೀಸದ ಮೊಳೆಗಳಲ್ಲಿ ಕನ್ನಡವನ್ನು ಜೋಡಿಸಬೇಕಾದರೆ ಗುಣಿತಾಕ್ಷರ, ಒತ್ತಕ್ಷರಗಳಿಗೆಂದು ನೂರಾರು ಮೊಳೆಗಳು ಬೇಕು. ಕಲ್ಲಚ್ಚಿಗೆ ಆ ತೊಡಕಿಲ್ಲ. ಕೈ ಬರೆದದ್ದನ್ನೆಲ್ಲ ಕಲ್ಲು ಒಪ್ಪಿಕೊಳ್ಳುತ್ತದೆ.

ಚಿತ್ರಪುಸ್ತಕಗಳ ವಿಷಯದಲ್ಲಿಯೂ ಕನ್ನಡಕ್ಕೆ ಹೆಮ್ಮೆಯ ಸಂಗತಿಯೊಂದಿದೆ. 'ಅಮರ ಚಿತ್ರ ಕಥಾ' ಮಾಲಿಕೆಯನ್ನು 1967ರಿಂದ ಬೆಳೆಸಿದ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು. ಆ ಮಾಲಿಕೆಯ ಇಂಗ್ಲಿಷ್ ಪುಸ್ತಕಗಳ ಎಣಿಕೆ 'ಕೃಷ್ಣ'ದಿಂದ, ಅಂದರೆ 11ರಿಂದ ಆರಂಭವಾಗುತ್ತದೆ. ಮೊದಲ ಹತ್ತು ಎಲ್ಲಿ? ಅವು ವಿದೇಶದ ಮಕ್ಕಳ ಕಥೆಗಳು, ಮೊದಲು ಬಂದದ್ದು ಕನ್ನಡದಲ್ಲಿ!

ಅರಸನ ಆಟಗಳು

ಪುಸ್ತಕದಿಂದ ಆಟಕ್ಕೆ ನನ್ನನ್ನು ಕರೆದೊಯ್ದದ್ದು ಮೈಸೂರಿನ ಒಂದು ಗ್ರಂಥ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ರಚಿಸಿದ, ಚಿತ್ರಗಳಿಂದ ತುಂಬಿದ 'ಶ್ರೀತತ್ತ್ವನಿಧಿ' ಒಂಬತ್ತು ನಿಧಿಗಳಾಗಿ ವಿಂಗಡಿಸಲ್ಪಟ್ಟಿದೆ. ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ ಮೊದಲಾದವುಗಳ ಕೊನೆಯಲ್ಲಿ ಬರುವುದು ಕೌತುಕನಿಧಿ. ಆಟಗಳಿಗೆ ಮೀಸಲಾದ ಭಾಗವದು. ದೇವತೆಗಳ ಧ್ಯಾನಶ್ಲೋಕಗಳ ಗ್ರಂಥದಲ್ಲಿ ಆಟಕ್ಕೂ ಒಂದು ನಿಧಿಯೆಂಬ ಗೌರವ ದೊರೆತಿರುವುದು ಗಮನಾರ್ಹ.

1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೆ ಅರಸರ ಮನಸ್ಸು ಹೆಚ್ಚಾಗಿ ಕಲೆ, ಸಾಹಿತ್ಯಗಳ ಕಡೆ ಹರಿಯಿತು. ಚದುರಂಗದ ಕುದುರೆಯನ್ನು ಎಲ್ಲ ಮನೆಗಳಲ್ಲಿಯೂ ಒಂದೊಂದೇ ಸಲ ನಡೆಸುವ ಒಗಟುಗಳನ್ನು ಅವರು ಬಿಡಿಸಿದರು. ಗಂಜೀಫಾ ಎಲೆಗಳಿಂದ ಆಡುವ ಹದಿಮೂರು ಹೊಸ ಆಟಗಳನ್ನು ಕಲ್ಪಿಸಿದರು. ಅವುಗಳಲ್ಲಿ ಚಿಕ್ಕದಕ್ಕೆ 36 ಎಲೆಗಳಾದರೆ ದೊಡ್ಡದಕ್ಕೆ 360. ನನ್ನ ವೃತ್ತಿಯವರಿಗೆ ಮೂಲಪುರುಷನೊಬ್ಬನನ್ನು ಹುಡುಕಬೇಕಾದರೆ ನಾನು ಈ ಅರಸರನ್ನೇ ಹೆಸರಿಸುತ್ತೇನೆ: ಪುಸ್ತಕವನ್ನೂ ರೂಪಿಸಿದವರು, ಆಟವನ್ನೂ ರೂಪಿಸಿದವರು.

ಗಂಜೀಫಾ ಎಂದರೆ ಬಣ್ಣದಲ್ಲಿ ಬರೆದ, ಬಹುಮಟ್ಟಿಗೆ ದುಂಡಗಿನ ಆಟದೆಲೆ. ಬಾಬರ್ 1527ರಲ್ಲಿ ಇಂಥ ಎಲೆಗಳನ್ನು ಸಿಂಧಿಗೆ ಉಡುಗೊರೆಯಾಗಿ ಕಳುಹಿಸಿದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ದೇಶೀಯವಾದ ದಶಾವತಾರದ ಆಟದಲ್ಲಿ 120 ಎಲೆಗಳು: ಹತ್ತು ಅವತಾರಗಳು, ಒಂದೊಂದಕ್ಕೆ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಎಣಿಕೆಯ ಎಲೆಗಳು. ಮತ್ಸ್ಯಾವತಾರದ ಮೂರನೆಯ ಎಲೆಯಲ್ಲಿ ಮೂರು ಮೀನುಗಳಿರುತ್ತವೆ; ಅಂಕಿ ಬರೆಯಬೇಕಾಗಿಲ್ಲ. ಹಗಲಿನಲ್ಲಿ ಆಡಿದರೆ ರಾಮನ ಎಲೆಯಿಂದ, ಇರುಳಿನಲ್ಲಿ ಆಡಿದರೆ ಕೃಷ್ಣನ ಎಲೆಯಿಂದ ಆರಂಭ. ಓದು ಬಾರದವನೂ ಆಡಬಹುದು. ಆಡುತ್ತಾ ಆಡುತ್ತಾ ಹತ್ತು ಕಥೆಗಳು ಮನಸ್ಸಿನಲ್ಲಿ ನಿಲ್ಲುತ್ತವೆ. ಈ ಕಲೆಗೆ ನಮ್ಮ ಕಾಲದಲ್ಲಿ ಮರುಜೀವ ಕೊಟ್ಟವರಲ್ಲಿ ಮೈಸೂರಿನ ಗಂಜೀಫಾ ರಘುಪತಿ ಭಟ್ಟರ ಹೆಸರು ಮುಖ್ಯವಾದುದು.

ನಮ್ಮ ಕಣಿವೆಗೂ ಇಂಥ ಸಂಪತ್ತು ಹೊಸದಲ್ಲ. ಜಗಲಿಯ ಮೇಲೆ ಇದ್ದಿಲಿನಿಂದ ಗೆರೆ ಎಳೆದು ನಾವು ಆಡುತ್ತಿದ್ದ ಚೌಕಾಬಾರ ಪಕ್ಕದ ಮನೆಯಲ್ಲಿ ತಾಯಂ ಆಗಿತ್ತು. ನಮ್ಮ ಅಳಗುಳಿಮಣೆ ಅವರ ಪಲ್ಲಾಂಕುಳಿ. ನಮ್ಮ ಹುಲಿ–ಕುರಿ ಅವರ ಆಡುಪುಲಿ. ಹೆಸರು ಎರಡು, ಗೆರೆ ಒಂದು. ವೈಕುಂಠ ಏಕಾದಶಿಯ ರಾತ್ರಿ ಜಾಗರಣೆಗೆ ಹಾಸುತ್ತಿದ್ದ ಪರಮಪದದ ಪಟವಂತೂ ಆಟವೂ ಹೌದು, ಪುಸ್ತಕವೂ ಹೌದು. ಏಣಿಗಳು ಸದ್ಗುಣಗಳು, ಹಾವುಗಳು ದುರ್ಗುಣಗಳು, ತುದಿಯಲ್ಲಿ ವೈಕುಂಠ. ದಾಳ ಬಿದ್ದಂತೆ ಕಾಯಿ ನಡೆಸುವಾಗ ಮನೆಯಲ್ಲಿ ಬರೆದದ್ದನ್ನು ಯಾರಾದರೂ ಓದಿ ಹೇಳಲೇಬೇಕು. ಒಬ್ಬರಾದರೂ ಓದಬಲ್ಲವರಿಲ್ಲದೆ ಆ ಆಟದ ರುಚಿ ಪೂರ್ತಿಯಾಗದು. ನಮ್ಮ ಮನೆಯಲ್ಲಿದ್ದ ಪಟ ತಮಿಳಿನದು. ಕನ್ನಡದ್ದೊಂದು ಇದ್ದಿದ್ದರೆ ಎಂಬ ಯೋಚನೆ ಬಹಳ ವರ್ಷ ನನ್ನನ್ನು ಕಾಡಿತು.

ದುಂಡು ಎಲೆ ಕಲಿಸಿದ್ದು

ಆ ಯೋಚನೆಯಿಂದಲೇ, ಕೆಲವು ವರ್ಷಗಳ ಹಿಂದೆ, ನಮ್ಮ ಕಣಿವೆಯ ಮನೆಗಳಿಗೆಂದು ಎಲೆಯಾಟವೊಂದನ್ನು ಮಾಡಿದೆ. ನಮ್ಮ ಹಿರಿಯರ ಮಾತಿನಲ್ಲಿ ಉಳಿದಿರುವ 24 ಪದಗಳನ್ನು ಆರಿಸಿಕೊಂಡೆ: ಒನಕೆ, ಮೊರ, ನೊಗ, ಕುಡುಗೋಲು, ಬೀಸುಕಲ್ಲು ಇತ್ಯಾದಿ. ಮೊದಲ ಪದ 'ಆವು'. ಕಂಬಂನಲ್ಲಿ ನಮ್ಮ ಒಕ್ಕಲಿಗರು ಕಾಪಾಡಿಕೊಂಡು ಬಂದಿರುವ ತಂಬಿರಾನ್ ಮಾಡುಗಳ ಪವಿತ್ರ ಹಿಂಡಿನ ಪ್ರಸ್ತಾಪ 1906ರ ಮಧುರೆ ಜಿಲ್ಲಾ ಗೆಝೆಟಿಯರಿನಲ್ಲಿಯೇ ಇದೆ. ಅದರ ಕನ್ನಡ ಹೆಸರು ದೇವರ ಆವು ಎಂದು. ಇಂದಿನ ನಮ್ಮ ಮಕ್ಕಳಿಗೆ ಮಾಡು ಗೊತ್ತು, ಆವು ಗೊತ್ತಿಲ್ಲ.

ಪದವೊಂದಕ್ಕೆ ಎರಡು ಎಲೆ: ಒಂದರಲ್ಲಿ ಚಿತ್ರ, ಇನ್ನೊಂದರಲ್ಲಿ ಅಕ್ಷರ. ನಲವತ್ತೆಂಟು ಎಲೆಗಳನ್ನೂ ಕವುಚಿ ಹರಡಬೇಕು. ಸರದಿಯವರು ಎರಡೆರಡನ್ನು ತೆರೆಯಬೇಕು. ಜೋಡಿ ಸಿಕ್ಕರೆ ಆ ಪದವನ್ನು ಹೇಳಿ, ಅದನ್ನು ಸೇರಿಸಿ ಒಂದು ಮಾತು ಆಡಿದರೆ ಮಾತ್ರ ಎಲೆ ಅವರದು. ಅಕ್ಷರ ಓದಬಲ್ಲ ಮೊಮ್ಮಗುವಿಗೆ ಪದದ ಅರ್ಥ ತಿಳಿಯದು. ಅರ್ಥ ಬಲ್ಲ ಅಜ್ಜಿಗೆ ಅಕ್ಷರ ತಿಳಿಯದು. ಇಬ್ಬರೂ ಒಂದೇ ಪಕ್ಷದಲ್ಲಿ ಕುಳಿತರೆ ಮಾತ್ರ ಗೆಲ್ಲಲು ಸಾಧ್ಯ. ಆಟದ ನಿಯಮವೆಂದರೆ ಇಷ್ಟೇ.

ಮೈಸೂರಿನ ಗಂಜೀಫಾ ಕಣ್ಣಲ್ಲಿ ತುಂಬಿತ್ತಾದುದರಿಂದ ಎಲೆಗಳನ್ನು ದುಂಡಗೆ ಮಾಡಿಸಿದೆ. ಅಕ್ಷರಗಳನ್ನೂ ಬಳ್ಳಿಯಂತೆ ಬಳುಕಿಸಿ ಅಲಂಕಾರವಾಗಿ ಬರೆದೆ. ಮೊದಲ ಪೆಟ್ಟಿಗೆಯನ್ನು ಊರಿಗೆ ತಂದು ಅವ್ವನ ಕೈಗೆ ಕೊಟ್ಟೆ. ಅವಳು ಚಿತ್ರಗಳನ್ನೆಲ್ಲ ಸರಸರನೆ ಗುರುತಿಸಿದಳು. ಆಮೇಲೆ ಅಕ್ಷರದ ಎಲೆಯೊಂದನ್ನು ಎತ್ತಿ ಬಹಳ ಹೊತ್ತು ದಿಟ್ಟಿಸಿದಳು. ಅದರಲ್ಲಿ ಇದ್ದದ್ದು 'ಆವು'. ಅವಳು ಹಿಡಿದದ್ದು ತಲೆಕೆಳಗಾಗಿ.

ನನ್ನ ಮಗಳ ಮಗು ಅದನ್ನು ನೋಡಿ ನಕ್ಕಿತು. ಅವ್ವನೂ ನಕ್ಕು ಎಲೆಯನ್ನು ಕೆಳಗಿಟ್ಟಳು; ಆ ಸಂಜೆ ಮತ್ತೆ ಮುಟ್ಟಲಿಲ್ಲ. ತಪ್ಪು ಅವಳದಲ್ಲ, ನನ್ನದು. ಚೌಕವಾದ ಎಲೆಗೆ ಮೇಲು–ಕೆಳಗು ಎಂಬುದರ ಸುಳಿವಾದರೂ ಇರುತ್ತದೆ. ದುಂಡು ಎಲೆಗೆ ಎಲ್ಲ ದಿಕ್ಕೂ ಒಂದೇ. ಮೂರು ಮೀನುಗಳನ್ನು ಯಾವ ಕಡೆಯಿಂದ ನೋಡಿದರೂ ಮೂರೇ. ಆದುದರಿಂದ ಗಂಜೀಫಾ ದುಂಡಗಿರಬಹುದು. ಅಕ್ಷರಕ್ಕೆ ಆ ಸ್ವಾತಂತ್ರ್ಯವಿಲ್ಲ. ಅಂದಕ್ಕೆ ಮರುಳಾಗಿ ನಾನು ಈ ಸಾಮಾನ್ಯ ಸಂಗತಿಯನ್ನು ಮರೆತಿದ್ದೆ. ಮಗುವೂ ಒಂದು ಪಾಠ ಹೇಳಿತು: ನನ್ನ ಅಲಂಕಾರದ 'ನೊಗ'ವನ್ನು ಅದು 'ಸೊಗ' ಎಂದು ಓದಿತು. ನ–ಸ, ಪ–ಷ, ಬ–ಭ, ರ–ಠ ಇವುಗಳ ನಡುವಿನ ಅಂತರ ಒಂದು ಸಣ್ಣ ಗೆರೆಯಲ್ಲಿ, ಒಂದು ಸೀಳಿನಲ್ಲಿ ಇದೆ. ಬಲ್ಲವರಿಗೆ ಅದು ಅಲಂಕಾರದಲ್ಲಿಯೂ ಕಾಣುತ್ತದೆ, ಕಲಿಯುವವರಿಗೆ ಕಾಣದು.

ಎರಡನೆಯ ಬಾರಿ ಎಲೆಗಳನ್ನು ಉದ್ದ ಚೌಕವಾಗಿ ಮಾಡಿ, ಬಲಗಡೆಯ ಮೇಲಿನ ಮೂಲೆಯನ್ನು ಓರೆಯಾಗಿ ಕತ್ತರಿಸಿದೆ. ಕತ್ತರಿಸಿದ ಮೂಲೆ ಬಲಗೈ ಹೆಬ್ಬೆರಳಿಗೆ ಮೇಲೆ ಸಿಕ್ಕಿದರೆ ಎಲೆ ನೆಟ್ಟಗಿದೆಯೆಂದು ಅರ್ಥ. ಓದು ಬಾರದವರ ಬೆರಳಿಗೂ ಅದು ತಿಳಿಯುತ್ತದೆ. ಅಕ್ಷರಗಳನ್ನು ಶಾಲೆಯ ಹಲಗೆಯ ಮೇಲೆ ಮೇಷ್ಟ್ರು ಬರೆಯುತ್ತಿದ್ದಂತೆ ಸರಳವಾಗಿ ಬರೆದೆ. ಆ ಪೆಟ್ಟಿಗೆಯನ್ನು ಅವ್ವ ತನ್ನ ಹಾಸಿಗೆಯ ಪಕ್ಕದಲ್ಲಿಯೇ ಇಟ್ಟುಕೊಂಡಳು. ತೀರಿಕೊಳ್ಳುವ ಹೊತ್ತಿಗೆ ಅವಳು ಕನ್ನಡ ಓದಲು ಕಲಿತಿದ್ದಳೆಂದು ಹೇಳಲಾರೆ. 'ಆ' ಎಂಬ ಒಂದು ಅಕ್ಷರವನ್ನು ಮಾತ್ರ ಎಲ್ಲಿ ಕಂಡರೂ ಗುರುತಿಸುತ್ತಿದ್ದಳು. ಒಮ್ಮೆ ನಮ್ಮ ಶಾಲೆಯ ಆಹ್ವಾನ ಪತ್ರಿಕೆ ಮನೆಗೆ ಬಂದಾಗ ಅದರ ಮೊದಲ ಅಕ್ಷರದ ಮೇಲೆ ಬೆರಳಿಟ್ಟು, "ಇದು ಆವಿನ ಆ" ಎಂದಳು. ನನ್ನ ವೃತ್ತಿಗೆ ಸಂಬಳ ಕೊಡುತ್ತಾರೆಯೇ ಎಂದು ಕೇಳುವವರಿಗೆ ನಾನು ಹೇಳುವ ಉತ್ತರ ಅದು.

ಕೊನೆಯ ಮಾತು

ಲಿಪಿಗಳು ಅಳಿಯುವುದನ್ನು ಬಂಡೆ ತೋರಿಸುತ್ತದೆ. ಮರಳಿ ಬರುವುದನ್ನೂ ನಮ್ಮ ಕಾಲ ತೋರಿಸುತ್ತಿದೆ. ಬಳಕೆ ತಪ್ಪಿ ತಾಳೆಗರಿಗಳಲ್ಲಿ ಉಳಿದಿದ್ದ ತುಳು–ತಿಗಳಾರಿ ಲಿಪಿಯು ವೈಷ್ಣವಿ ಮೂರ್ತಿಯವರಂಥ ಅಕ್ಷರ ವಿನ್ಯಾಸಕಾರರ ಶ್ರಮದ ಫಲವಾಗಿ 2024ರಲ್ಲಿ ಯೂನಿಕೋಡಿನಲ್ಲಿ ಸ್ಥಾನ ಪಡೆದಿದೆ. ಕನ್ನಡಕ್ಕಾದರೋ ಆ ಸ್ಥಾನ 1991ರಿಂದಲೇ ಇದೆ. ಕೈಯಲ್ಲಿರುವ ಮೊಬೈಲಿನಲ್ಲಿ ಕನ್ನಡ ಅಕ್ಷರಗಳಿವೆ. ನಾವು ಅದರಲ್ಲಿ ಕನ್ನಡ ಮಾತನ್ನು ತಮಿಳು ಅಕ್ಷರದಲ್ಲಿಯೋ ಇಂಗ್ಲಿಷ್ ಅಕ್ಷರದಲ್ಲಿಯೋ ಬರೆದು ಕಳುಹಿಸುತ್ತಿದ್ದೇವೆ. ತಮಿಳು ನಮಗೆ ಅನ್ನವನ್ನೂ ನೆರೆಯನ್ನೂ ಕೊಟ್ಟ ಭಾಷೆ. ಅದರ ಋಣ ದೊಡ್ಡದು. ಆ ಋಣವನ್ನು ಮರೆಯದೆಯೇ ಮನೆಯ ಗೋಡೆಯ ಮೇಲೆ ಒಂದು ಕನ್ನಡ ಕ್ಯಾಲೆಂಡರನ್ನು ತೂಗುಹಾಕಬಹುದು, ಮದುವೆಯ ಕರೆಯೋಲೆಯಲ್ಲಿ ವಧೂವರರ ಹೆಸರನ್ನು ಕನ್ನಡದಲ್ಲಿಯೂ ಒಂದು ಸಾಲು ಬರೆಸಬಹುದು, ಏಕಾದಶಿಯ ರಾತ್ರಿ ಮಕ್ಕಳ ಮುಂದೆ ಕನ್ನಡದ ಪಟವೊಂದನ್ನು ಹಾಸಬಹುದು. ಕಣ್ಣಿಗೆ ದಿನವೂ ಬೀಳುವ ಅಕ್ಷರ ಅಪರಿಚಿತವಾಗಿ ಉಳಿಯುವುದಿಲ್ಲ.

ಆ ಎಲೆಯಾಟದ ಕೆಲವು ಪೆಟ್ಟಿಗೆಗಳನ್ನು ಶಾಲೆಯ ವಾಚನಾಲಯಕ್ಕೆ ಒಪ್ಪಿಸಿದ್ದೇನೆ. 24 ಪದಗಳು ಬಹಳ ಕಡಿಮೆ. ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಯ ಹಿರಿಯರಿಂದ ಇನ್ನಷ್ಟು ಪದಗಳನ್ನು ಕೇಳಿ ಬರೆದು ಶಾಲೆಗೆ ತಲಪಿಸಿದರೆ ಮುಂದಿನ ಕಂತನ್ನು ಮಾಡಿಕೊಡುವುದು ನನ್ನ ಹೊಣೆ. ಕೇಳುವುದನ್ನು ತಡಮಾಡಬಾರದೆಂದು ಮಾತ್ರ ಪ್ರಾರ್ಥನೆ. ಪದಗಳನ್ನು ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ನನಗೆ ಅಕ್ಷರವನ್ನು ತಿದ್ದಿಸಿದ ಮೇಷ್ಟ್ರ ಕೈಯನ್ನು ಸ್ಮರಿಸುತ್ತಾ, ಈ ಶಾಲೆಯ ಮಕ್ಕಳು ಇದರ ಶತಮಾನೋತ್ಸವದ ಸಂಚಿಕೆಯನ್ನೂ ಕನ್ನಡದಲ್ಲಿಯೇ ಓದುವಂತಾಗಲೆಂದು ಹಾರೈಸಿ ವಿರಮಿಸುತ್ತೇನೆ.